ಫೋಟೋ ಎಡಿಟಿಂಗ್‌ಗೆ ಕಂಪ್ಯೂಟರ್: ದುಡ್ಡು ಹಾಕೋ ಮುಂಚೆ ಎಲ್ಲಿ ಕಾಯ್ತಾ ಇದೀರಾ ನೋಡ್ಕೊಳ್ಳಿ

ಫೋಟೋ ಎಡಿಟಿಂಗ್‌ಗೆ ಯಾವ ಸಿಸ್ಟಂ ತಗೋಬೇಕು, ಪ್ರೊಸೆಸರ್ ಐ5 ಸಾಕಾ ಐ7 ಬೇಕಾ, ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಲೇಬೇಕಾ, ಹೀಗೆ ಕೇಳೋರು ತುಂಬಾ ಜನ ಇದಾರೆ. ಇದಕ್ಕೆ ಒಂದೇ ಸಾಲಲ್ಲಿ ಉತ್ತರ ಹೇಳೋಕೆ ಆಗಲ್ಲ. ಮದುವೆ ಆಲ್ಬಂ ಡಿಸೈನ್ ಮಾಡೋರ ಕೆಲಸ ಒಂದು ಥರ, ಕಬಿನಿಯಲ್ಲಿ ಬೆಳಗಿನ ಸಫಾರಿ ಮುಗಿಸ್ಕೊಂಡು ಕಾರ್ಡ್ ತುಂಬಾ ಚಿರತೆ ಫೋಟೋ ತರೋರ ಕೆಲಸ ಇನ್ನೊಂದು ಥರ, ಇಬ್ರೂ ಅದೇ ಲೈಟ್‌ರೂಮ್ ಅದೇ ಫೋಟೋಶಾಪ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ಬಳಸಿದ್ರೂ ಕಂಪ್ಯೂಟರ್ ಒಳಗೆ ಭಾರ ಬೀಳೋ ಜಾಗ ಬೇರೆ ಬೇರೆ. ಹಾಗಾಗಿ ನೀವು ಕೆಲಸ ಮಾಡುವಾಗ ಯಾವ ಹಂತದಲ್ಲಿ ಕೈ ಕಟ್ಕೊಂಡು ಸ್ಕ್ರೀನ್ ನೋಡ್ತಾ ಕೂತಿರ್ತೀರಾ ಅನ್ನೋದು ಮೊದಲು ಗೊತ್ತಾಗ್ಬೇಕು. ಆ ಜಾಗಕ್ಕೆ ದುಡ್ಡು ಹಾಕಿ, ಉಳಿದಿದ್ದು ಆಮೇಲೆ.

ಕಂಪ್ಯೂಟರ್‌ಗೆ ಇಷ್ಟೊಂದು ಕಷ್ಟ ಯಾಕೆ ಆಗತ್ತೆ ಅಂತ ಸ್ವಲ್ಪ ನೋಡೋಣ. ರಾ ಫೈಲ್, ಅಂದ್ರೆ ಸೆನ್ಸರ್ ಹಿಡಿದಿದ್ದನ್ನ ಹಾಗೇ ಇಟ್ಟಿರೋ ಫೈಲ್, ತೋಟದಿಂದ ಬಂದ ಹಸಿ ಅಡಿಕೆ ಇದ್ದ ಹಾಗೆ, ಸುಲಿದು ಬೇಯಿಸಿ ಒಣಗಿಸದೆ ಮಂಡಿಗೆ ಹಾಕೋಕೆ ಆಗಲ್ಲ. ಕ್ಯಾಮೆರಾ ಸೆನ್ಸರ್‌ನಲ್ಲಿ ಒಂದೊಂದು ಪಿಕ್ಸೆಲ್ ಮುಂದೆ ಒಂದೊಂದೇ ಬಣ್ಣದ ಫಿಲ್ಟರ್ ಇರತ್ತೆ, ಸಾಮಾನ್ಯವಾಗಿ ಅರ್ಧ ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಅಂದ್ರೆ ಪ್ರತಿ ಪಿಕ್ಸೆಲ್‌ಗೂ ಒಂದೇ ಬಣ್ಣದ ಲೆಕ್ಕ ಗೊತ್ತು, ಉಳಿದ ಎರಡನ್ನ ಅಕ್ಕಪಕ್ಕದ ಪಿಕ್ಸೆಲ್ ನೋಡಿ ಸಾಫ್ಟ್‌ವೇರ್ ಲೆಕ್ಕ ಹಾಕ್ಬೇಕು. 24 ಮೆಗಾಪಿಕ್ಸೆಲ್ ಅಂದ್ರೆ 2.4 ಕೋಟಿ ಪಿಕ್ಸೆಲ್, ಅಷ್ಟಕ್ಕೂ ಈ ಲೆಕ್ಕ ಆಗ್ಬೇಕು, ಅದರ ಮೇಲೆ ವೈಟ್ ಬ್ಯಾಲೆನ್ಸ್, ಲೆನ್ಸ್ ಕರೆಕ್ಷನ್, ಶಾರ್ಪನಿಂಗ್, ನೀವು ಹಾಕಿರೋ ಮಾಸ್ಕ್‌ಗಳು, ಎಲ್ಲಾನೂ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಇದ್ರೆ 14 ಬಿಟ್ ರಾ ಫೈಲ್‌ನಲ್ಲಿ 16,384 ಮೆಟ್ಟಿಲು. ನೀವು ಸ್ಲೈಡರ್ ಒಂದಿಷ್ಟು ಎಳೆದ್ರೆ ಸಾಕು, ಈ ಲೆಕ್ಕದಲ್ಲಿ ದೊಡ್ಡ ಭಾಗ ಮತ್ತೆ ಆಗ್ಬೇಕು, ಅದೂ ನಿಮ್ಮ ಕಣ್ಣಿಗೆ ತಡ ಅನ್ನಿಸದ ಹಾಗೆ. ಡಿಸ್ಕ್‌ನಲ್ಲಿ 25-30 ಎಂಬಿ ಇರೋ ಆ ಫೈಲ್ ಪೂರ್ತಿ ಬಿಚ್ಕೊಂಡು 16 ಬಿಟ್‌ನಲ್ಲಿ ಮೆಮೊರಿಗೆ ಬಂದಾಗ ಸುಮಾರು 144 ಎಂಬಿ ಆಗತ್ತೆ.

ಈಗ ಪರೀಕ್ಷೆ. ವಿಂಡೋಸ್ ಆದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರತ್ತೆ, ಅದರಲ್ಲಿ ಪರ್ಫಾರ್ಮೆನ್ಸ್ ಅನ್ನೋ ಕಡೆ ಹೋಗಿ ಪಕ್ಕದಲ್ಲಿ ತೆಗೆದಿಟ್ಟು ದಿನಾ ಮಾಡೋ ಕೆಲಸಾನೇ ಮಾಡಿ. ಎಕ್ಸ್‌ಪೋರ್ಟ್ ಹಾಕಿದಾಗ ಸಿಪಿಯು, ಅಂದ್ರೆ ಪ್ರೊಸೆಸರ್, ನೂರಕ್ಕೆ ಹೋಗಿ ನಿಂತ್ರೆ ಅಲ್ಲಿ ಸಿಪಿಯು ಅಡ್ಡಿ. ಫೋಟೋ ಇಂದ ಫೋಟೋಗೆ ಹೋಗುವಾಗ ಡಿಸ್ಕ್ ನೂರು ಪರ್ಸೆಂಟ್ ತೋರಿಸ್ತಾ ಸಿಪಿಯು ಸುಮ್ನೆ ಕೂತಿದ್ರೆ ಸ್ಟೋರೇಜ್ ಅಡ್ಡಿ. ಮೆಮೊರಿ 90 ದಾಟಿ ಎಲ್ಲಾ ತೊದಲೋಕೆ ಶುರು ಆದ್ರೆ ರ್‍ಯಾಮ್ ಸಾಲ್ತಿಲ್ಲ ಅಂತ ಅರ್ಥ. ಫೋಟೋದ ಕಾಳು ತೆಗೆಯೋ ಡಿನಾಯ್ಸ್ ಹಾಕಿದಾಗ ಜಿಪಿಯು, ಅಂದ್ರೆ ಗ್ರಾಫಿಕ್ಸ್ ಚಿಪ್, ಮಾತ್ರ ಏದುಸಿರು ಬಿಡ್ತಾ ಇದ್ರೆ ಗ್ರಾಫಿಕ್ಸ್ ಕಾರ್ಡ್ ವಿಷಯ ಯೋಚ್ನೆ ಮಾಡಿ. ಮ್ಯಾಕ್‌ನಲ್ಲಿ ಇದಕ್ಕೇ ಆಕ್ಟಿವಿಟಿ ಮಾನಿಟರ್ ಇದೆ, ಅದರಲ್ಲಿ ಮೆಮೊರಿ ಪ್ರೆಶರ್ ಗ್ರಾಫ್ ಹಳದಿ ಕೆಂಪು ಆಗ್ತಿದ್ಯಾ ನೋಡಿ. ಒಂದು ಪೂರ್ತಿ ಕೆಲಸ ಮುಗಿಯೋವರೆಗೂ ಹೀಗೆ ಗಮನ ಇಟ್ಟು ನೋಡಿದ್ರೆ ಅಂಗಡಿಯವರು ಏನೇ ಹೇಳಿದ್ರೂ ನಿಮಗೆ ಏನು ಬೇಕು ಅಂತ ನಿಮಗೇ ಗೊತ್ತಿರತ್ತೆ.

ಇನ್ನೂ ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ ಓಡಿಸ್ತಾ ಇರೋರು ಮಿಕ್ಕಿದ್ದೆಲ್ಲಾ ಬಿಟ್ಟು ಮೊದಲು ಎಸ್‌ಎಸ್‌ಡಿ, ಅಂದ್ರೆ ತಿರುಗೋ ಭಾಗ ಇಲ್ಲದ ಚಿಪ್ ಡಿಸ್ಕ್, ಹಾಕಿಸಿ. ಹಾರ್ಡ್ ಡಿಸ್ಕ್‌ನಲ್ಲಿ ತಿರುಗೋ ತಟ್ಟೆ, ಅದರ ಮೇಲೆ ಓಡಾಡೋ ಹೆಡ್ಡು ಇರತ್ತೆ, ಒಂದೊಂದು ಸಲ ಜಾಗ ಹುಡುಕೋಕೆ ಹತ್ತು ಮಿಲಿಸೆಕೆಂಡ್ ಹತ್ರ ಬೇಕು. ಲೈಟ್‌ರೂಮ್ ಕ್ಯಾಟಲಾಗ್ ಅನ್ನೋದು ನಿಮ್ಮ ಫೋಟೋಗಳ ಪಟ್ಟಿ, ಎಡಿಟ್‌ಗಳ ಲೆಕ್ಕ ಇಡೋ ಡೇಟಾಬೇಸ್, ಅದು ದೊಡ್ಡ ಫೈಲನ್ನ ಒಂದೇ ಸಲ ಓದೋದಲ್ಲ, ಸಾವಿರಾರು ಚೂರುಗಳನ್ನ ಅಲ್ಲಿಂದ ಇಲ್ಲಿಂದ ಎತ್ಕೊಳ್ಳತ್ತೆ, ಅದಕ್ಕೇ ಹಾರ್ಡ್ ಡಿಸ್ಕ್‌ನಲ್ಲಿ ಆ ಪಾಟಿ ತೆವಳತ್ತೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ರ ಓದತ್ತೆ, ಅದಕ್ಕಿಂತ ಹೊಸ ಥರದ ಎನ್‌ವಿಎಂಇ ಎಸ್‌ಎಸ್‌ಡಿ ಜೆನ್ 3 (3ನೇ ಜನರೇಷನ್) ಆದ್ರೆ 3,500, ಜೆನ್ 4 ಆದ್ರೆ 7,000. ಈ ನಂಬರ್ ನೋಡಿ ಮರುಳಾಗಬೇಡಿ, ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗೋ ಬದಲಾವಣೆ ಕಣ್ಣಿಗೆ ಹೊಡೆಯತ್ತೆ, ಅಲ್ಲಿಂದ ಎನ್‌ವಿಎಂಇಗೆ ಹೋದಾಗ ಫೋಟೋ ಕೆಲಸದಲ್ಲಿ ಅಷ್ಟೇನೂ ಗೊತ್ತಾಗಲ್ಲ, ಜೆನ್ 3 ಜೆನ್ 4 ನಡುವಿನ ವ್ಯತ್ಯಾಸ ಇನ್ನೂ ಕಮ್ಮಿ. ಹೊಸದಾಗಿ ತಗೊಳ್ಳೋರು ಎನ್‌ವಿಎಂಇ ತಗೊಳ್ಳಿ, ಹಳೇ ಲ್ಯಾಪ್‌ಟಾಪ್‌ನಲ್ಲಿ ಅದು ಕೂರೋ ಎಂ.2 ಸ್ಲಾಟ್ ಇಲ್ಲ ಅಂದ್ರೆ ಬೇಜಾರಿಲ್ಲದೆ ಸಾಟಾ ಹಾಕಿಸಿ.

ಎಲ್ಲಾ ಫೋಟೋನೂ ಎಸ್‌ಎಸ್‌ಡಿ ಮೇಲೇ ಇರ್ಬೇಕು ಅಂತಿಲ್ಲ. ವಿಂಡೋಸ್, ಸಾಫ್ಟ್‌ವೇರ್, ಕ್ಯಾಟಲಾಗ್, ಪ್ರಿವ್ಯೂ, ಕ್ಯಾಶ್, ಈಗ ಕೈಯಲ್ಲಿರೋ ಕೆಲಸ, ಇಷ್ಟು ಎಸ್‌ಎಸ್‌ಡಿ ಮೇಲೆ ಇರ್ಲಿ. ಡೆಲಿವರಿ ಕೊಟ್ಟು ಮುಗಿದಿರೋ ಮದುವೆಗಳು ದೊಡ್ಡ ಹಾರ್ಡ್ ಡಿಸ್ಕ್‌ಗೆ ಹೋಗ್ಲಿ, ಅದರ ಇನ್ನೊಂದು ಕಾಪಿ ಬೇರೆ ಡಿಸ್ಕ್‌ನಲ್ಲಿ ಇರ್ಲಿ, ಸಾಧ್ಯ ಆದ್ರೆ ಮೂರನೇದು ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ ಇರ್ಲಿ. ಒಂದು ಡಿಸ್ಕ್ ಹೋದ್ರೆ ಯಾರದೋ ಮದುವೆಯೇ ಹೋಯ್ತು ಅಂತ ಅರ್ಥ, ಅದನ್ನ ಇನ್ನೊಂದ್ಸಲ ಶೂಟ್ ಮಾಡೋಕೆ ಆಗಲ್ಲ. ಪ್ರೊಸೆಸರ್‌ಗೆ ಐದು ಸಾವಿರ ಜಾಸ್ತಿ ಹಾಕೋ ಬದಲು ಬ್ಯಾಕಪ್ ಡಿಸ್ಕ್ ಒಂದು ತಗೊಳ್ಳಿ ಅಂತ ನಾನು ಯಾರಿಗಾದ್ರೂ ಹೇಳ್ತೀನಿ.

ಕಾರ್ಡ್ ರೀಡರ್ ವಿಷಯ ಯಾರೂ ತಲೆಗೇ ಹಾಕ್ಕೊಳ್ಳಲ್ಲ. ಯುಎಸ್‌ಬಿ 2.0 ರೀಡರ್ ನಿಜವಾಗ್ಲೂ ಸೆಕೆಂಡಿಗೆ 30-40 ಎಂಬಿ ಕೊಡತ್ತೆ ಅಷ್ಟೆ, ತುಂಬಿರೋ 64 ಜಿಬಿ ಕಾರ್ಡ್ ಖಾಲಿ ಆಗೋಕೆ ಅರ್ಧ ಗಂಟೆ ಬೇಕು. ಯುಎಸ್‌ಬಿ 3 ರೀಡರ್ ಆದ್ರೆ ಸಾಧಾರಣ ಯುಎಚ್‌ಎಸ್-1 ಕಾರ್ಡ್ ಕೂಡ 90 ಎಂಬಿ ಹತ್ರ ಓಡತ್ತೆ, ಅದೇ ಕೆಲಸ 12 ನಿಮಿಷದಲ್ಲಿ ಮುಗಿಯತ್ತೆ. ಇಷ್ಟು ಕಮ್ಮಿ ಖರ್ಚಲ್ಲಿ ಇಷ್ಟು ಸಮಯ ಉಳಿಸೋ ಇನ್ನೊಂದು ಅಪ್‌ಗ್ರೇಡ್ ನನಗೆ ಗೊತ್ತಿಲ್ಲ.

ರ್‍ಯಾಮ್‌ಗೆ ಬರೋಣ. 8 ಜಿಬಿಯಲ್ಲಿ ಇವತ್ತು ಲೈಟ್‌ರೂಮ್ ಓಪನ್ ಆಗತ್ತೆ, ಅದರ ಜೊತೆ ಫೋಟೋಶಾಪ್, ಕ್ರೋಮ್, ವಾಟ್ಸಾಪ್ ತೆಗೆದ್ರೆ ಮುಗೀತು ಕಥೆ. 16 ಕನಿಷ್ಠ, 32 ಇದ್ರೆ ಆರಾಮ. ಆಲ್ಬಂ ಡಿಸೈನ್ ಮಾಡೋರಿಗೆ ಯಾಕೆ ಜಾಸ್ತಿ ಬೇಕು ಅಂತ ಲೆಕ್ಕ ಹಾಕಿ ನೋಡಿ. 12×36 ಇಂಚಿನ ಒಂದು ಶೀಟ್, 300 ಡಿಪಿಐ. ಅಂದ್ರೆ 3,600 ಗುಣಿಸು 10,800, ಹತ್ರ ಹತ್ರ 3.9 ಕೋಟಿ ಪಿಕ್ಸೆಲ್. 8 ಬಿಟ್‌ನಲ್ಲಿ ಪಿಕ್ಸೆಲ್‌ಗೆ 3 ಬೈಟ್ ಅಂದ್ರೂ ಶೀಟ್ ತುಂಬಾ ಇರೋ ಒಂದು ಲೇಯರ್‌ಗೆ 117 ಎಂಬಿ. ಬ್ಯಾಕ್‌ಗ್ರೌಂಡ್, ಅದರ ಮೇಲೆ ಟೆಕ್ಸ್ಚರ್, ಮಂಟಪದ ದೊಡ್ಡ ಫೋಟೋ, ಕ್ಲಿಪಿಂಗ್ ಮಾಸ್ಕ್ ಒಳಗೆ ನಾಲ್ಕಾರು ಚಿಕ್ಕ ಫೋಟೋ, ಶ್ಯಾಡೋ, ಹೂವಿನ ಪಿಎನ್‌ಜಿ, ಹೀಗೆ ಹತ್ತು ಹದಿನೈದು ಲೇಯರ್ ಆದ್ರೆ ಒಂದೇ ಶೀಟ್ ಒಂದು ಜಿಬಿ ದಾಟಿಬಿಡತ್ತೆ, ಹಿಸ್ಟರಿಯಲ್ಲಿ ಹಿಂದಿನ ಹೆಜ್ಜೆಗಳನ್ನ ಇಟ್ಕೊಳ್ಳೋದು ಬೇರೆ, ನಾವು ಒಂದೇ ಸಲ ಆರು ಶೀಟ್ ತೆಗೆದಿಟ್ಕೊಂಡು ಕೂರೋದು ಬೇರೆ. 16 ಜಿಬಿ ಎಲ್ಲಿಗೆ ಸಾಲತ್ತೆ ಹೇಳಿ.

ಸಾಲ್ತಿದ್ಯಾ ಇಲ್ವಾ ಅಂತ ಫೋಟೋಶಾಪ್ ಬಾಯಿಂದಾನೇ ಕೇಳ್ಬಹುದು. ಡಾಕ್ಯುಮೆಂಟ್ ವಿಂಡೋ ಕೆಳಗಡೆ ಎಡಕ್ಕೆ ಫೈಲ್ ಸೈಜ್ ತೋರಿಸೋ ಜಾಗದ ಪಕ್ಕ ಚಿಕ್ಕ ಬಾಣ ಇದೆ, ಅದನ್ನ ಒತ್ತಿ ಎಫಿಶಿಯೆನ್ಸಿ ಅಂತ ಆರಿಸ್ಕೊಳ್ಳಿ. 100% ಅಂತ ಇದ್ರೆ ಎಲ್ಲಾ ರ್‍ಯಾಮ್ ಒಳಗೇ ನಡೀತಿದೆ. ಅದು 100ಕ್ಕಿಂತ ಕೆಳಗೆ ಬಂತು ಅಂದ್ರೆ ಜಾಗ ಸಾಲದೆ ಸ್ಕ್ರ್ಯಾಚ್ ಡಿಸ್ಕ್‌ಗೆ, ಅಂದ್ರೆ ಡಿಸ್ಕ್ ಮೇಲಿನ ತಾತ್ಕಾಲಿಕ ಜಾಗಕ್ಕೆ, ಇಳಿದಿದೆ ಅಂತ, ಆಗ ಎಷ್ಟೇ ಫಾಸ್ಟ್ ಎಸ್‌ಎಸ್‌ಡಿ ಇದ್ರೂ ರ್‍ಯಾಮ್ ಸ್ಪೀಡ್ ಬರಲ್ಲ. ದಿನವಿಡೀ 100 ಇದ್ರೆ ರ್‍ಯಾಮ್‌ಗೆ ಇನ್ನೂ ದುಡ್ಡು ಹಾಕೋ ಅಗತ್ಯ ಇಲ್ಲ.

ಇನ್ನೊಂದು ವಿಷಯ, 16 ಜಿಬಿಯ ಒಂದೇ ಸ್ಟಿಕ್ ಹಾಕ್ಸೋದಕ್ಕಿಂತ 8 ಜಿಬಿಯ ಎರಡು ಹಾಕ್ಸೋದು ಒಳ್ಳೇದು, ಡ್ಯುಯಲ್ ಚಾನೆಲ್ ಆಗಿ ಡೇಟಾ ಹೋಗೋ ದಾರಿ ಎರಡರಷ್ಟು ಅಗಲ ಆಗತ್ತೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ಗಳಲ್ಲಿ ಇದು ತುಂಬಾ ಮುಖ್ಯ ಯಾಕಂದ್ರೆ ಒಳಗಿರೋ ಗ್ರಾಫಿಕ್ಸ್ ಕೂಡ ಅದೇ ರ್‍ಯಾಮ್ ಬಳಸತ್ತೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿದ್ರೆ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ ಅಂತ ತೋರಿಸತ್ತೆ, ಅಂಗಡಿಗೆ ಹೋಗೋ ಮುಂಚೆ ಅದರ ಫೋಟೋ ತೆಕ್ಕೊಂಡ್ಹೋಗಿ. ಡಿಡಿಆರ್4 ಥರದ ಮೆಮೊರಿ ಜಾಗಕ್ಕೆ ಅದರ ಮುಂದಿನ ಥರದ ಡಿಡಿಆರ್5 ಕೂರಲ್ಲ. ಕೆಲವು ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರ್ತಾರೆ, ಅಂಥದ್ರಲ್ಲಿ ಆಮೇಲೆ ಹಾಕ್ಸ್ತೀನಿ ಅನ್ನೋ ಮಾತೇ ಇಲ್ಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನ ಬಾಚ್ಕೊಳ್ತಾ ಇರೋದ್ರಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಹಾಗಾಗಿ ಬೇಕಾ ಬೇಡವಾ ಅಂತ ಮೇಲಿನ ಪರೀಕ್ಷೆ ಮಾಡಿನೇ ತೀರ್ಮಾನ ಮಾಡಿ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಕೆಲವು ವರ್ಷದ ಹಿಂದೆ ಕೇಳಿದ್ರೆ ಫೋಟೋಗೆ ಅದೇನೂ ಬೇಡ ಅಂತಿದ್ರು, ಆಗ ಅದು ಸರಿನೂ ಆಗಿತ್ತು. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ಎಐ ಡಿನಾಯ್ಸ್ ಬಂತು, ಆ ಮಾತು ಅಲ್ಲಿಗೆ ಹಳೇದಾಯ್ತು. ಕಾಡಿನಲ್ಲಿ ಬೆಳಕು ಹರಿಯೋ ಹೊತ್ತು, ಮರದ ನೆರಳಲ್ಲಿ ಪ್ರಾಣಿ, ಐಎಸ್ಒ 6400 ಇಲ್ದಿದ್ರೆ ಶಟರ್ ಸ್ಪೀಡ್ ಸಿಗಲ್ಲ, ಫೋಟೋ ತುಂಬಾ ಕಾಳು ಕಾಳು. ಆ ಕಾಳನ್ನ ತೆಗೆದು ಕೂದಲಿನ ಎಳೆ ಹಾಗೇ ಉಳಿಸೋ ಲೆಕ್ಕ ಹೆಚ್ಚೂ ಕಮ್ಮಿ ಪೂರ್ತಿ ಜಿಪಿಯು ಮೇಲೇ ನಡೆಯತ್ತೆ. ಪ್ರೊಸೆಸರ್ ಒಳಗೇ ಇರೋ ಹಳೇ ಇಂಟಿಗ್ರೇಟೆಡ್ ಗ್ರಾಫಿಕ್ಸ್‌ನಲ್ಲಿ ಒಂದೊಂದು ಫೋಟೋಗೆ ಹಲವಾರು ನಿಮಿಷ ಹಿಡಿಯತ್ತೆ, ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ ಕಾರ್ಡ್‌ನಲ್ಲಿ ಅದೇ ಕೆಲಸ ಸೆಕೆಂಡುಗಳ ಲೆಕ್ಕಕ್ಕೆ ಬರತ್ತೆ. ಎನ್ವಿಡಿಯಾದಲ್ಲಿ ಆರ್‌ಟಿಎಕ್ಸ್ ಅಂತಾನೇ ಹೇಳೋಕೆ ಕಾರಣ ಇದೆ, 2018ರಲ್ಲಿ ಬಂದ ಆರ್‌ಟಿಎಕ್ಸ್ 20 ಸರಣಿಯಿಂದ ಅದರಲ್ಲಿ ಟೆನ್ಸರ್ ಕೋರ್ ಅಂತ ಎಐ ಲೆಕ್ಕಕ್ಕೇ ಮಾಡಿದ ಭಾಗ ಇದೆ, ಜಿಟಿಎಕ್ಸ್ 1650 ಥರದ್ರಲ್ಲಿ ಅದಿಲ್ಲ. ವಿಡಿಯೋ ಮೆಮೊರಿ 8 ಜಿಬಿ ಇರ್ಲಿ, ಅಡೋಬಿ ಕೂಡ ಅಷ್ಟನ್ನೇ ಶಿಫಾರಸು ಮಾಡತ್ತೆ. ಡಾರ್ಕ್‌ಟೇಬಲ್ ಅನ್ನೋ ಫ್ರೀ ರಾ ಎಡಿಟರ್ ಬಳಸೋರಿಗೂ ಜಿಪಿಯು ಸಹಾಯ ಆಗತ್ತೆ, ಅದು ಓಪನ್‌ಸಿಎಲ್ ಅನ್ನೋ ವ್ಯವಸ್ಥೆ ಮೂಲಕ ಬಳಸ್ಕೊಳ್ಳತ್ತೆ. ಅದೇ ಥರದ ಇನ್ನೊಂದು ಸಾಫ್ಟ್‌ವೇರ್ ರಾಥೆರಪಿ ಆದ್ರೆ ಪೂರ್ತಿ ಸಿಪಿಯು ಮೇಲೇ ಓಡತ್ತೆ, ಅದಕ್ಕೋಸ್ಕರ ಕಾರ್ಡ್ ತಗೋಬೇಡಿ.

ಆದ್ರೆ ನೀವು ಸ್ಟುಡಿಯೋ ಲೈಟ್‌ನಲ್ಲಿ ಐಎಸ್ಒ 100ರಲ್ಲಿ ತೆಗೆಯೋರು, ಡಿನಾಯ್ಸ್ ಬಟನ್ ಒತ್ತೋದೇ ಇಲ್ಲ, ದಿನವೆಲ್ಲಾ ಫೋಟೋಶಾಪ್‌ನಲ್ಲಿ ಆಲ್ಬಂ ಮಾಡ್ತೀರಾ ಅಂದ್ರೆ ದೊಡ್ಡ ಕಾರ್ಡ್‌ಗೆ ಹಾಕೋ ದುಡ್ಡನ್ನ ರ್‍ಯಾಮ್‌ಗೂ ಮಾನಿಟರ್‌ಗೂ ಹಾಕಿ.

ಸಿಪಿಯು ಬಗ್ಗೆ ಜಾಸ್ತಿ ಹೇಳೋದಿಲ್ಲ. ಫೋಟೋಶಾಪ್‌ನ ಬಹಳಷ್ಟು ಕೆಲಸ ಕೆಲವೇ ಕೋರ್ (ಸಿಪಿಯು ಒಳಗಿನ ಲೆಕ್ಕ ಮಾಡೋ ಘಟಕ) ಮೇಲೆ ನಡೆಯತ್ತೆ, ಲೈಟ್‌ರೂಮ್ ಎಕ್ಸ್‌ಪೋರ್ಟ್, ಪ್ರಿವ್ಯೂ ಕಟ್ಟೋ ಕೆಲಸ ಎಲ್ಲಾ ಕೋರ್ ಬಳಸತ್ತೆ. ಈಗಿನ ಇಂಟೆಲ್ ಕೋರ್ ಐ5 ಅಥವಾ ಎಎಂಡಿ ರೈಜನ್ 5 ಮಟ್ಟದ್ದು ಹೆಚ್ಚಿನವರಿಗೆ ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳ್ಬೇಕು, ರೀಫರ್ಬಿಶ್ಡ್ ಅಂತ ಐ7 ಸ್ಟಿಕ್ಕರ್ ತೋರಿಸಿ ಕೊಡ್ತಾರಲ್ಲ, ಅದು ಯಾವ ಜನರೇಷನ್ ಅಂತ ಕೇಳಿ. ಐ7-4770 ಅಂದ್ರೆ 4ನೇ ಜನರೇಷನ್, 2013ರದ್ದು. ಐ3-12100 ಅಂದ್ರೆ 12ನೇದು. ಎರಡಕ್ಕೂ ನಾಲ್ಕೇ ಕೋರ್, ಆದ್ರೂ ಆ ಐ3 ಈ ಐ7ನ ಸಲೀಸಾಗಿ ಹಿಂದೆ ಹಾಕತ್ತೆ. ಅದೂ ಅಲ್ದೆ ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ವಿಂಡೋಸ್ 11 ಅಧಿಕೃತವಾಗಿ ಹಾಕೋಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ ಅಥವಾ ಮೇಲಿನದ್ದೇ ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ವ್ಯವಸ್ಥೆ ಬೇಕು. ಅದಕ್ಕಿಂತ ಹಳೇ ಮೆಷಿನ್‌ಗೆ ಈಗ ಹೊಸ ರ್‍ಯಾಮ್ ಹೊಸ ಕಾರ್ಡ್ ಅಂತ ಸುರಿಯೋದು ಬೇಡ, ಒಂದು ಎಸ್‌ಎಸ್‌ಡಿ ಹಾಕಿ ಓಡೋಷ್ಟು ದಿನ ಓಡಿಸಿ, ಆ ಎಸ್‌ಎಸ್‌ಡಿ ಮುಂದೆ ಹೊಸ ಮೆಷಿನ್‌ಗೂ ಬರತ್ತೆ.

ಈಗ ಮಾನಿಟರ್, ಎಲ್ಲಾರೂ ಕೊನೆಗೆ ಉಳಿದ ದುಡ್ಡಲ್ಲಿ ತಗೊಳ್ಳೋ ವಸ್ತು ಇದು, ನನ್ನ ಪ್ರಕಾರ ಮೊದಲೇ ಲೆಕ್ಕಕ್ಕೆ ಇಟ್ಕೋಬೇಕಾಗಿದ್ದು. ನಿಧಾನ ಕಂಪ್ಯೂಟರ್ ನಿಮ್ಮ ಸಮಯ ತಿನ್ನತ್ತೆ, ಕೆಟ್ಟ ಸ್ಕ್ರೀನ್ ನಿಮ್ಮ ಫೋಟೋನೇ ಕೆಡಿಸತ್ತೆ. ಕಮ್ಮಿ ಬೆಲೆ ಲ್ಯಾಪ್‌ಟಾಪ್‌ಗಳ ಸ್ಪೆಕ್ ಶೀಟ್‌ನಲ್ಲಿ 45% ಎನ್‌ಟಿಎಸ್‌ಸಿ ಅಂತ ಬರೆದಿರ್ತಾರೆ ನೋಡಿ, ಸ್ಕ್ರೀನ್ ಎಷ್ಟು ಬಣ್ಣ ತೋರಿಸತ್ತೆ ಅನ್ನೋ ಅಳತೆ ಅದು, ಅಂದ್ರೆ ವೆಬ್‌ಗೆಲ್ಲಾ ಬಳಸೋ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಹೆಚ್ಚೂ ಕಮ್ಮಿ ಮೂರನೇ ಒಂದು ಭಾಗ ಆ ಪ್ಯಾನಲ್‌ಗೆ ತೋರ್ಸೋಕೇ ಬರಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ಅಂದ್ಕೊಳ್ಳಿ. ಆ ಸ್ಕ್ರೀನ್‌ನಲ್ಲಿ ಅದು ಮಾಸಿದ ಇಟ್ಟಿಗೆ ಬಣ್ಣ ಕಾಣತ್ತೆ, ನೀವು ಸರಿ ಮಾಡೋಣ ಅಂತ ಸ್ಯಾಚುರೇಷನ್ ಏರಿಸ್ತೀರಾ, ವೈಬ್ರೆನ್ಸ್ ಇನ್ನೊಂದಿಷ್ಟು ಏರಿಸ್ತೀರಾ, ನಿಮ್ಮ ಕಣ್ಣಿಗೆ ಈಗ ಚೆನ್ನಾಗಿದೆ. ಕಸ್ಟಮರ್ ಅದನ್ನ ಅಮೋಲೆಡ್ ಫೋನಲ್ಲಿ ತೆಗೀತಾರೆ, ಸೆರಗು ಉರಿಯೋ ಕೆಂಪು, ನೇಯ್ಗೆಯ ಎಳೆ ಎಲ್ಲಾ ಒಂದೇ ಬಣ್ಣದ ಮುದ್ದೆಯಾಗಿ ಹೋಗಿರತ್ತೆ, ಮುಖಾನೂ ಕೆಂಪಗೆ. ಅರಿಶಿನ ಶಾಸ್ತ್ರದ ಫೋಟೋಗಳಲ್ಲಿ ಹಳದಿ ಕೂಡ ಹೀಗೇ ಕೈ ಕೊಡತ್ತೆ.

ಹಾಗಾಗಿ ಐಪಿಎಸ್ ಪ್ಯಾನಲ್ (ಪಕ್ಕದಿಂದ ನೋಡಿದ್ರೂ ಬಣ್ಣ ಅಷ್ಟು ಬದಲಾಗದ ಥರದ್ದು), 100% ಎಸ್‌ಆರ್‌ಜಿಬಿ ಅಂತ ಬರೆದಿರೋದು ನೋಡಿ ತಗೊಳ್ಳಿ, ಲ್ಯಾಪ್‌ಟಾಪ್ ಆದ್ರೆ 72% ಎನ್‌ಟಿಎಸ್‌ಸಿ ಅಂತ ಇದ್ರೂ ಹೆಚ್ಚೂ ಕಮ್ಮಿ ಅದೇ. ಟಿಎನ್ ಪ್ಯಾನಲ್ ಬೇಡ, ತಲೆ ಸ್ವಲ್ಪ ಮೇಲೆ ಕೆಳಗೆ ಆದ್ರೂ ಅದರಲ್ಲಿ ಬೆಳಕು ಬಣ್ಣ ಎರಡೂ ಬದಲಾಗತ್ತೆ. ಎಸ್‌ಆರ್‌ಜಿಬಿಗಿಂತ ಜಾಸ್ತಿ ಬಣ್ಣ ಇರೋ ಅಡೋಬಿ ಆರ್‌ಜಿಬಿ ಪೂರ್ತಿ ತೋರ್ಸೋ ಮಾನಿಟರ್ ಬೇಕಾಗೋದು ಒಳ್ಳೇ ಇಂಕ್‌ಜೆಟ್ ಪ್ರಿಂಟ್ ಮಾಡೋರಿಗೆ, ಮೊಬೈಲ್ ಇನ್‌ಸ್ಟಾಗ್ರಾಂಗೆ ಕೊಡೋರಿಗೆ ಅದರ ಅಗತ್ಯ ಇಲ್ಲ. ಬ್ರೈಟ್‌ನೆಸ್ ವಿಷಯ ಇನ್ನೂ ದೊಡ್ಡದು. ಪ್ರಿಂಟ್ ಕತ್ತಲೆ ಬಂತು ಅಂತ ಲ್ಯಾಬ್‌ನವರನ್ನ ಬೈಯೋ ಮುಂಚೆ ಸ್ಕ್ರೀನ್ ಬ್ರೈಟ್‌ನೆಸ್ ಫುಲ್ ಇಟ್ಟಿದೀರಾ ಅಂತ ನೋಡಿ, ಪ್ರಿಂಟ್ ಕೆಲಸಕ್ಕೆ 80ರಿಂದ 120 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತೆ) ಒಳಗೆ ಇರ್ಬೇಕು, ಮಾಮೂಲಿ ಮಾನಿಟರ್ ಡಬ್ಬದಿಂದ ತೆಗೆದಾಗ ಅದಕ್ಕಿಂತ ಎಷ್ಟೋ ಜಾಸ್ತಿ ಇರತ್ತೆ. ಸ್ಪೈಡರ್, ಕ್ಯಾಲಿಬ್ರೈಟ್ ಥರದ, ಸ್ಕ್ರೀನ್ ಬಣ್ಣ ಅಳೆದು ಸರಿ ಮಾಡೋ ಕ್ಯಾಲಿಬ್ರೇಷನ್ ಸಾಧನ ಊರಿನ ನಾಲ್ಕೈದು ಫೋಟೋಗ್ರಾಫರ್ ಸೇರಿ ಒಂದು ತಗೊಂಡ್ರೂ ಆಗತ್ತೆ, ತಿಂಗಳಿಗೆ ಒಂದ್ಸಲ ತಾನೇ ಬೇಕಾಗೋದು. ಸ್ಕ್ರೀನ್ ಬಣ್ಣ ತಾನಾಗೇ ಬದಲಾಯಿಸೋ ನೈಟ್ ಲೈಟ್, ಟ್ರೂ ಟೋನ್ ಥರದ್ದೆಲ್ಲಾ ಎಡಿಟ್ ಮಾಡುವಾಗ ಆಫ್ ಇರ್ಲಿ.

4ಕೆ ಮಾನಿಟರ್ ಆಸೆ ಇರೋರಿಗೆ ಒಂದು ಮಾತು. ಫುಲ್ ಎಚ್‌ಡಿಯಲ್ಲಿ 20 ಲಕ್ಷ ಪಿಕ್ಸೆಲ್, 4ಕೆಯಲ್ಲಿ 83 ಲಕ್ಷ. ಸ್ಲೈಡರ್ ಎಳೆದಾಗ ಲೈಟ್‌ರೂಮ್ ಸ್ಕ್ರೀನ್ ಮೇಲೆ ಕಾಣೋಷ್ಟನ್ನ ಮತ್ತೆ ಬರೀಬೇಕು, ಅಂದ್ರೆ ನಾಲ್ಕು ಪಟ್ಟು ಕೆಲಸ. ಹಳೇ ಕಂಪ್ಯೂಟರ್‌ಗೆ ಹೊಸ 4ಕೆ ಹಾಕಿದ ತಕ್ಷಣ ಎಲ್ಲಾ ನಿಧಾನ ಆಯ್ತು ಅಂದ್ರೆ ಕಾರಣ ಇದೇ. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿರ್ಲಿ, ಇಲ್ಲಾ 27 ಇಂಚಿನ 1440ಪಿ ತಗೊಳ್ಳಿ, ಅದು ಒಳ್ಳೇ ನಡುದಾರಿ.

ಲ್ಯಾಪ್‌ಟಾಪಾ ಡೆಸ್ಕ್‌ಟಾಪಾ? ಒಂದೇ ಜಾಗದಲ್ಲಿ ಕೂತು ಕೆಲಸ ಮಾಡೋರು ಅಸೆಂಬಲ್ಡ್ ಡೆಸ್ಕ್‌ಟಾಪ್ ತಗೊಂಡ್ರೆ ಅದೇ ದುಡ್ಡಿಗೆ ಜಾಸ್ತಿ ಕೆಲಸ ಆಗತ್ತೆ, ಮುಂದೆ ಒಂದೊಂದೇ ಭಾಗ ಬದಲಾಯಿಸ್ಬಹುದು. ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡೋಕೆ ಹೋಗ್ಬೇಡಿ, ಅಗ್ಗದ್ದು ಸುಟ್ಟರೆ ಜೊತೆಗೆ ಬೇರೆಯದನ್ನೂ ಕರ್ಕೊಂಡು ಹೋಗತ್ತೆ. ಯುಪಿಎಸ್ ಇರ್ಲೇಬೇಕು, ಕರೆಂಟ್ ಹೋಗೋದು ನಮ್ಮೂರುಗಳಲ್ಲಿ ಹೊಸದೇನಲ್ಲ, ಕ್ಯಾಟಲಾಗ್ ಬರೀತಿರೋ ಹೊತ್ತಲ್ಲಿ ಹೋದ್ರೆ ಫೈಲೇ ಹಾಳಾಗ್ಬಹುದು. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಒಳ್ಳೇ ಕಾರ್ಡ್ ಸಿಗತ್ತೆ, ಆದ್ರೆ ಕಮ್ಮಿ ಬೆಲೆಯವುಗಳಲ್ಲಿ ಅದೇ 45% ಸ್ಕ್ರೀನ್ ಹಾಕಿರ್ತಾರೆ, ಆಮೇಲೆ ಒಂದೇ ಹೆಸರಿನ ಕಾರ್ಡ್‌ಗೂ ಲ್ಯಾಪ್‌ಟಾಪ್ ಇಂದ ಲ್ಯಾಪ್‌ಟಾಪ್‌ಗೆ ಕೊಡೋ ವಾಟ್ ಬೇರೆ, ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಕಾರ್ಡ್ 35ರಿಂದ 115 ವಾಟ್‌ವರೆಗೂ ಇದೆ, ಅದನ್ನ ಕೇಳಿ ತಿಳ್ಕೊಳ್ಳಿ.

ಮ್ಯಾಕ್ ಬಗ್ಗೆ ಹೇಳ್ಬೇಕಂದ್ರೆ 2020ರಲ್ಲಿ ಆಪಲ್‌ನ ಸ್ವಂತ ಎಂ1 ಚಿಪ್ ಬಂದಮೇಲೆ ಫೋಟೋ ಕೆಲಸಕ್ಕೆ ನಿಜವಾಗ್ಲೂ ಚೆನ್ನಾಗಿವೆ, ಬ್ಯಾಟರಿ ಮೇಲೂ ಅದೇ ಸ್ಪೀಡ್, ಮ್ಯಾಕ್‌ಬುಕ್‌ಗಳ ಸ್ಕ್ರೀನ್ ಬಣ್ಣದಲ್ಲಿ ನಂಬಿಕಸ್ತ. 2024ರಲ್ಲಿ ಬಂದ ಎಂ4 ಮ್ಯಾಕ್ ಮಿನಿ 16 ಜಿಬಿ ಮೆಮೊರಿಯೊಂದಿಗೇ ಶುರುವಾಗತ್ತೆ, ಮಾನಿಟರ್ ಇರೋರಿಗೆ ಒಳ್ಳೇ ಆಯ್ಕೆ. ಆದ್ರೆ ಮೆಮೊರಿ ಆಮೇಲೆ ಏರ್ಸೋಕೆ ಬರಲ್ಲ, ತಗೊಳ್ಳೋ ದಿನಾನೇ ನಿರ್ಧಾರ ಮಾಡ್ಬೇಕು. ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗೋ 8 ಜಿಬಿ ಎಂ1 ಏರ್ ಲೈಟ್‌ರೂಮ್‌ಗೆ ಓಕೆ, ದೊಡ್ಡ ಆಲ್ಬಂ ಶೀಟ್‌ಗೆ ಬೇಡ.

ಏನನ್ನೂ ಕೊಳ್ಳದೆ ಸ್ಪೀಡ್ ಜಾಸ್ತಿ ಮಾಡೋ ದಾರಿನೂ ಇದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಇಂಪೋರ್ಟ್ ಮಾಡುವಾಗ ಸ್ಮಾರ್ಟ್ ಪ್ರಿವ್ಯೂ ಕಟ್ಟಿಸಿ, ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಎಡಿಟಿಂಗ್‌ಗೆ ಒರಿಜಿನಲ್ ಬದಲು ಸ್ಮಾರ್ಟ್ ಪ್ರಿವ್ಯೂ ಬಳಸು ಅನ್ನೋದಕ್ಕೆ ಟಿಕ್ ಹಾಕಿ. ಉದ್ದದ ಬದಿ 2,560 ಪಿಕ್ಸೆಲ್ ಇರೋ ಚಿಕ್ಕ ಫೈಲ್ ಮೇಲೆ ಸ್ಲೈಡರ್ ಓಡತ್ತೆ, ಎಕ್ಸ್‌ಪೋರ್ಟ್ ಮಾಡುವಾಗ ಒರಿಜಿನಲ್ ಫೈಲ್ ಇರೋ ಡಿಸ್ಕ್ ಸಿಕ್ಕಿದ್ರೆ ಆ ಫೈಲನ್ನೇ ತಗೊಳ್ಳತ್ತೆ. ಎರಡು ಮೂರು ಸಾವಿರ ಫೋಟೋದಲ್ಲಿ ಆರ್ಸೋ ಕೆಲಸಕ್ಕೆ ಇಂಪೋರ್ಟ್‌ನಲ್ಲಿ ಎಂಬೆಡೆಡ್ ಪ್ರಿವ್ಯೂ ಆಯ್ಕೆ ಕೊಡಿ, ಕ್ಯಾಮೆರಾ ಒಳಗೇ ಇಟ್ಟಿರೋ ಜೆಪೆಗ್ ತೋರಿಸತ್ತೆ, ಕಾಯೋ ಕೆಲಸ ಇಲ್ಲ. ಲ್ಯಾಪ್‌ಟಾಪ್ ಹಳೇದಾದ್ರೆ ಫ್ಯಾನ್‌ನಲ್ಲಿ ಧೂಳು ತುಂಬಿ ಬಿಸಿ ಆಗಿ ಪ್ರೊಸೆಸರ್ ತಾನೇ ಸ್ಪೀಡ್ ಇಳಿಸ್ಕೊಂಡಿರತ್ತೆ, ಕ್ಲೀನ್ ಮಾಡ್ಸಿ ಪ್ರೊಸೆಸರ್ ಬಿಸಿ ಹೊರಗೆ ಸಾಗಿಸೋ ಥರ್ಮಲ್ ಪೇಸ್ಟ್ ಹಾಕ್ಸಿದ್ರೆ ಆ ಸ್ಪೀಡ್ ವಾಪಸ್ ಬರತ್ತೆ.

ಇಷ್ಟೆಲ್ಲಾ ಆದ್ಮೇಲೂ ಹೊಸದೇ ಬೇಕು ಅನ್ನಿಸಿ ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರೋ ಎಸ್‌ಪಿ ರೋಡ್‌ಗೋ ನಿಮ್ಮೂರಿನ ಅಂಗಡಿಗೋ ಹೋಗ್ತೀರಾ ಅಂದ್ರೆ ನಿಮ್ಮ ಕ್ಯಾಮೆರಾದ್ದೇ ಹತ್ತು ಇಪ್ಪತ್ತು ರಾ ಫೈಲ್ ಪೆನ್‌ಡ್ರೈವ್‌ನಲ್ಲಿ ಇಟ್ಕೊಂಡು ಹೋಗಿ, ಜೊತೆಗೆ ಡಾರ್ಕ್‌ಟೇಬಲ್ ಇನ್‌ಸ್ಟಾಲರ್ ಇರ್ಲಿ, ಅದು ಫ್ರೀ, ಲೈಸೆನ್ಸ್ ತಲೆನೋವಿಲ್ಲ. ಡೆಮೊ ಮೆಷಿನ್ ಮೇಲೆ ಹಾಕೋಕೆ ಬಿಟ್ರೆ ಫೈಲುಗಳನ್ನ ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಆಮೇಲೆ ತೆಗೀರಿ, ಇಲ್ಲಾಂದ್ರೆ ಪೆನ್‌ಡ್ರೈವ್ ಸ್ಪೀಡನ್ನೇ ಕಂಪ್ಯೂಟರ್ ಸ್ಪೀಡ್ ಅಂದ್ಕೊಳ್ತೀರಾ. ನೂರು ಪರ್ಸೆಂಟ್ ಝೂಮ್‌ನಲ್ಲಿ ಓಡಾಡಿ, ಎಲ್ಲಾನೂ ಒಟ್ಟಿಗೆ ಎಕ್ಸ್‌ಪೋರ್ಟ್ ಹಾಕಿ ಟೈಮ್ ನೋಡಿ, ಸ್ಕ್ರೀನ್‌ನಲ್ಲಿ ಕಾಣೋ ಕೆಂಪನ್ನ ಫೋನಲ್ಲಿ ಅದೇ ಫೋಟೋ ಪಕ್ಕ ಇಟ್ಟು ಹೋಲಿಸಿ. ಬಿಲ್‌ನಲ್ಲಿ ಬರೀ 16 ಜಿಬಿ ರ್‍ಯಾಮ್ ಅಂತ ಬರೆಯೋಕೆ ಬಿಡಬೇಡಿ, ಪ್ರತಿ ಭಾಗದ ಕಂಪನಿ, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ವಾರಂಟಿಗೆ ಹೋದಾಗ ಅದನ್ನೇ ಕೇಳ್ತಾರೆ.